ಆಟದ ನಿಯಮದಲ್ಲೇ ಪಾಠ ಇರಲಿ

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲದ ವಿಷಯ: ಪ್ರಾಥಮಿಕ ಶಾಲೆಯ ವಿಜ್ಞಾನಕ್ಕೆ ಮಕ್ಕಳು ಕೂಡಿ ಆಡುವ ಆಟಗಳು.

ಆರನೇ ತರಗತಿಯಲ್ಲಿ 32 ಮಕ್ಕಳಿದ್ದಾರೆ. ಎಂಟೆಂಟು ಮಂದಿಯ ನಾಲ್ಕು ಗುಂಪು ಮಾಡಿ ಸಸ್ಯದ ಭಾಗಗಳ ಚಟುವಟಿಕೆ ಕೊಟ್ಟೆ. ಪ್ರತಿ ಗುಂಪಿನಲ್ಲೂ ಒಬ್ಬರೋ ಇಬ್ಬರೋ ಎಲ್ಲವನ್ನೂ ಬರೆದು ಮುಗಿಸಿದರು, ಉಳಿದವರು ಹರಟೆ ಹೊಡೆದರು. ಇದನ್ನು ಸರಿಪಡಿಸುವುದು ಹೇಗೆ?
— ಶಿಕ್ಷಕಿ, ಹಾವೇರಿ ಜಿಲ್ಲೆ

ಎಂಟು ಮಂದಿಗೆ ಒಂದೇ ಹಾಳೆ ಕೊಟ್ಟರೆ ಬೇಗ ಬರೆಯಬಲ್ಲವರು ಬರೆಯುತ್ತಾರೆ, ಉಳಿದವರಿಗೆ ಕೆಲಸವೇ ಇರುವುದಿಲ್ಲ. ಒಬ್ಬರ ಕೈಯಲ್ಲಿರುವುದು ಇನ್ನೊಬ್ಬರಿಗೆ ಬೇಕೇ ಬೇಕು ಎನ್ನುವಂತೆ ನಿಯಮ ಮಾಡಬೇಕು. ಗುಂಪಿನಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಬೇಡ.

ಇದಕ್ಕೆ ಹಳೆಯ ಉಪಾಯ ಜಿಗ್ಸಾ: ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು, ಅವರೇ ಉಳಿದವರಿಗೆ ಹೇಳಿಕೊಡುವ ಕ್ರಮ. ಅಮೆರಿಕದ ಆಸ್ಟಿನ್ ನಗರದಲ್ಲಿ 1971ರಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು ಅದನ್ನು ರೂಪಿಸಿದರು. ಬೇರೆ ಬೇರೆ ಜನಾಂಗದ ಮಕ್ಕಳು ಒಂದೇ ತರಗತಿಗೆ ಬಂದಾಗ ಎದ್ದ ವೈಮನಸ್ಯ ತಗ್ಗಿಸುವುದಕ್ಕೆ ಹುಟ್ಟಿದ ಕ್ರಮ ಅದು. ವಿಜ್ಞಾನಕ್ಕೆಂದೇ ಹೊಲಿದ ಅಂಗಿಯಲ್ಲವಾದ್ದರಿಂದ, ಪಾಠವನ್ನು ನಾಲ್ಕು ತುಂಡು ಮಾಡಿ ಹಂಚಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಒಂದು ತುಂಡು ಇನ್ನೊಂದರ ಗುಟ್ಟು ಬಿಟ್ಟುಕೊಡುವಂಥ ಪಾಠವನ್ನೇ ಆರಿಸಬೇಕು. ಸಸ್ಯದ ಪಾಠ ಅಂಥದ್ದು. ಸಾಮಾನ್ಯವಾಗಿ ಏಕದಳ ಸಸ್ಯಕ್ಕೆ ಬೀಜದಲ್ಲಿ ಒಂದೇ ದಳ, ತಂತುಬೇರು, ಎಲೆಯಲ್ಲಿ ಸಮಾನಾಂತರ ನಾಳ, ಹೂವಿನ ದಳ ಮೂರರ ಲೆಕ್ಕದಲ್ಲಿ. ದ್ವಿದಳಕ್ಕೆ ಬೀಜದಲ್ಲಿ ಎರಡು ದಳ, ತಾಯಿಬೇರು, ಎಲೆಯಲ್ಲಿ ಬಲೆಯಂತೆ ಹೆಣೆದ ನಾಳ, ಹೂವಿನ ದಳ ನಾಲ್ಕೋ ಐದೋ. ಒಂದನ್ನು ನೋಡಿ ಉಳಿದ ಮೂರನ್ನು ಊಹಿಸಬಹುದು.

ನಾಲ್ವರಂತೆ 8 ಗುಂಪು ಮಾಡಿ, ಇವು 'ಮನೆ ಗುಂಪು'ಗಳು. ಪ್ರತಿ ಗುಂಪಿನಲ್ಲಿ 1ನೇ ಸಂಖ್ಯೆಯವರು ಬೇರು, 2 ಎಲೆ, 3 ಬೀಜ, 4 ಹೂವು. ಒಂದೇ ಸಂಖ್ಯೆಯವರು ಎದ್ದು ತಮ್ಮ 'ತಜ್ಞರ ಮೇಜಿ'ಗೆ ಹೋಗುತ್ತಾರೆ. ಎಂಟು ಮಂದಿ ಒಂದೇ ಮೇಜಿಗೆ ಮುತ್ತಿದರೆ ಮತ್ತೆ ಹಳೆಯ ಕತೆಯೇ, ಆದ್ದರಿಂದ ಪ್ರತಿ ವಿಷಯಕ್ಕೂ ಎರಡು ಮೇಜು ಇಡಿ. 40 ನಿಮಿಷದ ಅವಧಿಯಲ್ಲಿ ಗುಂಪಾಗುವುದಕ್ಕೆ 3 ನಿಮಿಷ, ತಜ್ಞರ ಮೇಜಿಗೆ 12, ಮನೆ ಗುಂಪಿಗೆ ಮರಳಿ ಹೇಳಿಕೊಡುವುದಕ್ಕೆ ತಲಾ 4ರಂತೆ 16, ಕೊನೆಯ ಒಗಟಿಗೆ 7. ಒಗಟು ಇಷ್ಟೇ: ರಾಗಿ ಗಿಡದ ಎಲೆಯೊಂದನ್ನು ಮಾತ್ರ ತೋರಿಸಿ, ಅದರ ಬೇರನ್ನು ಬರೆಯಲು ಹೇಳಿ. ಆಮೇಲೆ ಹರಿವೆಯ ಬೇರು ತೋರಿಸಿ ಎಲೆಯನ್ನು ಕೇಳಿ. ಉತ್ತರ ಯಾರು ಹೇಳಬೇಕೆಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಯಾರ ಸಂಖ್ಯೆ ಬರುತ್ತದೋ ಗೊತ್ತಿಲ್ಲದಿದ್ದಾಗಲೇ ಜಾಣರು ಪಕ್ಕದವರಿಗೆ ಹೇಳಿಕೊಡಲು ಮನಸ್ಸು ಮಾಡುವುದು.

ಕೆಡುವುದು ಹೆಚ್ಚಾಗಿ ಮಾದರಿಗಳಲ್ಲಿ. ಗಿಡವನ್ನು ಗಟ್ಟಿ ನೆಲದಿಂದ ಕಿತ್ತರೆ ತಾಯಿಬೇರು ನೆಲದಲ್ಲೇ ಉಳಿದು ಪಕ್ಕದ ಬೇರುಗಳಷ್ಟೇ ಬರುತ್ತವೆ, ಮಕ್ಕಳು ಅದನ್ನು ತಂತುಬೇರು ಎಂದು ಬರೆಯುತ್ತಾರೆ. ಹಿಂದಿನ ದಿನ ನೆಲಕ್ಕೆ ನೀರು ಹಾಕಿ, ಮಣ್ಣಿನ ಹೆಂಟೆಯ ಸಮೇತ ಅಗೆದು, ಬಕೆಟ್ ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಿ. ಬೀಜಕ್ಕೆ ಮೆಕ್ಕೆಜೋಳ ಮತ್ತು ಕಡಲೆಯನ್ನು ರಾತ್ರಿಯೇ ನೆನೆಹಾಕಿ. ಕಡಲೆ ಸಿಪ್ಪೆ ಸುಲಿದರೆ ತಾನಾಗಿ ಎರಡಾಗುತ್ತದೆ, ಜೋಳ ಆಗುವುದಿಲ್ಲ. ಬಾಳೆ ಎಲೆಯ ನಡುದಿಂಡು ನೋಡಿ ಕೆಲವರು ಬಲೆ ಎನ್ನುತ್ತಾರೆ, ಬೆಳಕಿಗೆ ಹಿಡಿದು ಪಕ್ಕದ ನಾಳಗಳನ್ನು ತೋರಿಸಿ. ಹೂವಿಗೆ ಒಂಟಿ ಸುತ್ತಿನ ದಾಸವಾಳ (5), ಸಾಸಿವೆ (4), ಲಿಲ್ಲಿ (6) ಸಾಕು. ಮುದ್ದೆ ದಾಸವಾಳದಲ್ಲಿ ಕೇಸರಗಳೇ ದಳದಂತಾಗಿರುತ್ತವೆ. ಚೆಂಡುಹೂವು, ಸೂರ್ಯಕಾಂತಿ ಒಂದೊಂದೂ ನೂರಾರು ಪುಟ್ಟ ಹೂಗಳ ಗೊಂಚಲು. ಇವನ್ನು ತಂದರೆ ಲೆಕ್ಕವೇ ತಪ್ಪುತ್ತದೆ. ಕೆಸುವಿನ ಎಲೆ ಏಕದಳವಾದರೂ ನಾಳ ಬಲೆಯಂತೆ ಕಾಣುತ್ತದೆ. ಅದನ್ನು ಮರುದಿನಕ್ಕೆ ಎತ್ತಿಡಿ. ನಿಯಮ ಗಟ್ಟಿಯಾದ ಮೇಲೆ ಅಪವಾದ ತೋರಿಸಿದರೆ ರುಚಿ.

ಓದು ಕಷ್ಟವಾಗುವ ಮಗುವಿಗೆ ಬೇರಿನ ಮೇಜು ಕೊಡಿ, ಅಲ್ಲಿ ಕಣ್ಣು ಕೈಗಳದ್ದೇ ಕೆಲಸ. ಯಾರಾದರೂ ಗೈರಾದರೆ ಆ ಗುಂಪಿಗೆ ಪಕ್ಕದ ಗುಂಪಿನ ತಜ್ಞರು 4 ನಿಮಿಷ ಎರವಲು ಹೋಗಲಿ.

ಆಹಾರ ಜಾಲದ ಆಟಕ್ಕೆ ಉಲ್ಲನ್ ಉಂಡೆ ಎಸೆದಾಡಿಸಿದೆವು. ಹತ್ತು ನಿಮಿಷದಲ್ಲಿ ದಾರವೆಲ್ಲ ಸಿಕ್ಕು. ಕಪ್ಪೆಯ ಪಾತ್ರದವನು ದಾರ ಬಿಟ್ಟಾಗ "ಎಲ್ಲರೂ ಸತ್ತರು" ಎಂದು ಮಕ್ಕಳು ಕೂಗಿದರು. ಅದು ಸರಿಯೇ?
— ಶಿಕ್ಷಕ, ಮಂಡ್ಯ ಜಿಲ್ಲೆ

ಸರಿಯಲ್ಲ. ತುಂಡು ಮಾಡದ ಒಂದೇ ಉದ್ದನೆಯ ದಾರ ಬಳಸಿದ್ದರಿಂದ ಆಟವೇ ಆ ತಪ್ಪನ್ನು ಹೇಳಿಕೊಟ್ಟಿದೆ. ಒಂದು ಕಡೆ ಬಿಟ್ಟರೆ ಪೂರ್ತಿ ಸಡಿಲ. ಗದ್ದೆಯಲ್ಲಿ ಹಾಗಾಗುವುದಿಲ್ಲ. ಕಪ್ಪೆ ಇಲ್ಲದಿದ್ದರೆ ಕೇರೆಹಾವಿಗೆ ಇಲಿ ಇದೆ, ಬೆಳ್ಳಕ್ಕಿಗೆ ಮಿಡತೆ ಇದೆ.

ಉಲ್ಲನ್ ಹಿಗ್ಗುತ್ತದೆ, ಎಳೆತ ಕೈಗೆ ತಿಳಿಯುವುದಿಲ್ಲ. ಸೆಣಬಿನ ಹುರಿ ತನ್ನಿ. 12 ಮಕ್ಕಳ ವೃತ್ತಕ್ಕೆ 3 ಮೀಟರಿನ 18 ತುಂಡು, ಒಟ್ಟು 54 ಮೀಟರ್. ಒಂದು ಸಂಬಂಧಕ್ಕೆ ಒಂದು ತುಂಡು. ಪ್ರತಿ ತುಂಡಿನ ಒಂದು ತುದಿಗೆ ಕೆಂಪು ಬಟ್ಟೆ ಕಟ್ಟಿ, ಆ ತುದಿ ತಿನ್ನುವವರ ಕೈಯಲ್ಲಿರಲಿ. ಪುಸ್ತಕದ ಬಾಣ ಭತ್ತದಿಂದ ಮಿಡತೆಯ ಕಡೆಗೆ ಯಾಕೆ ಹೋಗುತ್ತದೆ ಎಂಬ ಗೊಂದಲ ಅಲ್ಲೇ ತೀರುತ್ತದೆ: ಬಾಣ ಆಹಾರ ಹೋಗುವ ದಿಕ್ಕನ್ನು ತೋರಿಸುತ್ತದೆ. ಪಾತ್ರಗಳು ಭತ್ತ, ಬದುವಿನ ಹುಲ್ಲು, ಮಿಡತೆ, ಜೇಡ, ಇಲಿ, ಕಪ್ಪೆ, ಕೇರೆಹಾವು, ಬೆಳ್ಳಕ್ಕಿ, ಗೂಬೆ, ನವಿಲು, ಗರುಡ ಹೀಗೆ ನಿಮ್ಮೂರಿನವೇ ಆಗಲಿ. ನಿಯಮ ಒಂದೇ: ಕೈಯಲ್ಲಿರುವ ಕೆಂಪು ತುದಿಗಳೆಲ್ಲ ಸಡಿಲವಾದವರು ಮಾತ್ರ ಕೂರಬೇಕು; ಒಂದಾದರೂ ಬಿಗಿಯಾಗಿದ್ದರೆ ನಿಲ್ಲಬೇಕು. ಭತ್ತ ಮತ್ತು ಹುಲ್ಲು ಬೆಳೆಯುವುದು ಬಿಸಿಲಿನಿಂದ, ಅವರಿಗೆ ಈ ನಿಯಮ ಇಲ್ಲ. ಕಪ್ಪೆ ಬಿಡುವ ಮೊದಲು ಯಾರು ಕೂರುತ್ತಾರೆ ಎಂದು ಗುಂಪು ಊಹೆ ಬರೆಯಲಿ.

ಆದರೂ ದಾರ ಅರ್ಧವನ್ನೇ ಹೇಳುತ್ತದೆ. ತಿನ್ನುವವನಿಲ್ಲದಾಗ ತಿನಿಸಾಗಿದ್ದವನು ಹೆಚ್ಚುತ್ತಾನೆಂಬುದು ದಾರದಲ್ಲಿ ಕಾಣುವುದಿಲ್ಲ. ಅದಕ್ಕೆ ಹುಣಸೆ ಬೀಜದ ಆಟ. ಬುಟ್ಟಿಯಲ್ಲಿ 30 ಬೀಜ, ಅದೇ ಭತ್ತ. ಮೂವರು ಮಿಡತೆಗಳು ಸುತ್ತಿಗೆ ತಲಾ 3 ಬೀಜ ತೆಗೆಯುತ್ತಾರೆ. ಸುತ್ತು ಮುಗಿದಾಗ 9 ಬೀಜ ಮತ್ತೆ ಬೆಳೆಯುತ್ತವೆ, ಒಂದು ಹೊಸ ಮಿಡತೆ ಸೇರುತ್ತದೆ. ಕಪ್ಪೆ ಇದ್ದರೆ ಅದು ಸುತ್ತಿಗೊಂದು ಮಿಡತೆಯನ್ನು ಹಿಡಿಯುತ್ತದೆ, ಬುಟ್ಟಿಯಲ್ಲಿ ಸದಾ 30. ಕಪ್ಪೆಯನ್ನು ತೆಗೆಯಿರಿ. ಸುತ್ತಿನ ಕೊನೆಯ ಲೆಕ್ಕ 30, 27, 21, 12 ಎಂದು ಇಳಿಯುತ್ತದೆ. ಐದನೇ ಸುತ್ತಿಗೆ 7 ಮಿಡತೆಗೆ 21 ಬೀಜ ಬೇಕು, ಇರುವುದು 12. ಮೂವರು ಉಪವಾಸ. ಮೊದಲ ಸುತ್ತುಗಳಲ್ಲಿ ಏನೂ ಆಗಿಲ್ಲವೆಂಬಂತೆ ಕಾಣುತ್ತದಲ್ಲ, ಮಕ್ಕಳ ಗಮನವನ್ನು ಅಲ್ಲಿಗೆ ಸೆಳೆಯಿರಿ. ಕಪ್ಪೆ ಕಾಲಿನ ರಫ್ತನ್ನು ಭಾರತ 1987ರಲ್ಲಿ ನಿಷೇಧಿಸಿದ್ದನ್ನು ಹೇಳುವುದಕ್ಕೂ ಇದೇ ಹೊತ್ತು.

ಬಲ್ಬ್ ಉರಿಸುವ ಚಟುವಟಿಕೆಯಲ್ಲಿ ಬರೀ ಕಿತ್ತಾಟ. ಅರ್ಧ ಗುಂಪುಗಳ ಬಲ್ಬ್ ಹತ್ತುವುದೂ ಇಲ್ಲ.
— ಶಿಕ್ಷಕ, ವಿಜಯಪುರ ಜಿಲ್ಲೆ

ಕಿತ್ತಾಟಕ್ಕೆ ಮದ್ದು: ನಾಲ್ವರಿಗೆ ನಾಲ್ಕು ವಸ್ತು. ಒಬ್ಬರಿಗೆ 1.5 ವೋಲ್ಟಿನ ಸೆಲ್, ಒಬ್ಬರಿಗೆ ಟಾರ್ಚ್ ಬಲ್ಬ್, ಇಬ್ಬರಿಗೆ 20 ಸೆಂ.ಮೀ. ತಂತಿ ಒಂದೊಂದು. ತನ್ನ ವಸ್ತುವನ್ನು ಬೇರೆಯವರು ಮುಟ್ಟುವಂತಿಲ್ಲ, ತಾನು ಬೇರೆಯವರದನ್ನು ಮುಟ್ಟುವಂತಿಲ್ಲ. ಬಾಯಲ್ಲಿ ಹೇಳಿ ಮಾಡಿಸಬೇಕು. "ಅಲ್ಲಿಡು, ಇಲ್ಲಿಡು" ನಡೆಯದು ಎಂದು ಬೇಗ ಗೊತ್ತಾಗಿ, "ಬಲ್ಬಿನ ತಳದ ಚುಕ್ಕೆಗೆ ಮುಟ್ಟಿಸು" ಎಂಬ ಮಾತು ಮಕ್ಕಳ ಬಾಯಿಂದಲೇ ಬರುತ್ತದೆ. ಎರಡನೇ ಸುತ್ತಿನಲ್ಲಿ ಒಂದು ತಂತಿ ಕಿತ್ತುಕೊಳ್ಳಿ. ಬಲ್ಬಿನ ತಳವನ್ನು ಸೆಲ್‌ನ ಒಂದು ತುದಿಗೆ ನೇರ ಒತ್ತಿ, ಇನ್ನೊಂದು ತುದಿಯಿಂದ ಬಲ್ಬಿನ ಲೋಹದ ಪಕ್ಕಕ್ಕೆ ತಂತಿ ಕೊಟ್ಟರೂ ಉರಿಯುತ್ತದೆ. ತಂತಿ ಕಳೆದುಕೊಂಡವರು ಈ ಸುತ್ತಿನ ಚಿತ್ರ ಬರೆಯಲಿ.

ಹತ್ತದಿರುವುದಕ್ಕೆ ಕಾರಣಗಳು ಕೆಲವೇ. ತಂತಿಯ ಪ್ಲಾಸ್ಟಿಕ್ ಹೊದಿಕೆಯನ್ನು ಎರಡೂ ತುದಿಯಲ್ಲಿ 2 ಸೆಂ.ಮೀ. ಸುಲಿದಿರಬೇಕು. ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿಯಾದರೆ ಅದರ ಮೇಲೆ ಕಣ್ಣಿಗೆ ಕಾಣದ ವಾರ್ನಿಷ್ ಇರುತ್ತದೆ, ಮರಳು ಕಾಗದದಿಂದ ಉಜ್ಜಬೇಕು. ಎರಡು ಸೆಲ್ ಟಾರ್ಚಿನ 2.5 ವೋಲ್ಟ್ ಬಲ್ಬು ಒಂದು ಸೆಲ್‌ಗೆ ಮಂಕಾಗಿ ಉರಿಯುತ್ತದೆ. ಬಿಸಿಲಿನಲ್ಲಿ ಉರಿದರೂ ಕಾಣದು, ಅಂಗೈ ಮರೆ ಮಾಡಿ ನೋಡಿ. ಎಲ್‌ಇಡಿ ಕೊಟ್ಟಿದ್ದರೆ ಕೆಂಪು ಬಣ್ಣದ್ದಕ್ಕೂ ಸುಮಾರು 2 ವೋಲ್ಟ್ ಬೇಕು, ಒಂದು ಸೆಲ್ ಸಾಲದು. ಎರಡು ಸೆಲ್ ಮತ್ತು 100 ಓಮ್‌ನ ರೆಸಿಸ್ಟರ್ ಹಾಕಿ, ಉದ್ದ ಕಾಲು ಧನ ತುದಿಯ ಕಡೆ ಇರಲಿ. ಆದರೆ ಮೊದಲ ಪಾಠಕ್ಕೆ ಎಲ್‌ಇಡಿ ಬೇಡವೇ ಬೇಡ. ದಿಕ್ಕು ತಪ್ಪಿದರೆ ಹತ್ತದ ವಸ್ತುವಿನಿಂದ ಮಂಡಲ ಪೂರ್ಣವಾಗಬೇಕೆಂಬ ಪಾಠವೇ ಗೊಂದಲವಾಗುತ್ತದೆ.

ಮೂರನೇ ಸುತ್ತಿಗೆ ನೀವೇ ಬೇಕೆಂದು ಒಂದು ಗುಂಪಿಗೆ ಸುಟ್ಟ ಬಲ್ಬು, ಇನ್ನೊಂದಕ್ಕೆ ಖಾಲಿ ಸೆಲ್ ಕೊಡಿ. ನೆರೆಯ ಗುಂಪಿನ ಜೊತೆ ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ ದೋಷ ಹುಡುಕಬೇಕು. ಎರಡು ವಸ್ತು ಒಟ್ಟಿಗೆ ಬದಲಿಸಿದವರಿಗೆ ಬಲ್ಬ್ ಹತ್ತಿದರೂ ಕಾರಣ ತಿಳಿಯುವುದಿಲ್ಲ. ಪ್ರಯೋಗದಲ್ಲಿ ಒಂದೊಂದನ್ನೇ ಬದಲಿಸಬೇಕೆಂಬುದನ್ನು ಇದಕ್ಕಿಂತ ಅಗ್ಗವಾಗಿ ಕಲಿಸುವುದು ಕಷ್ಟ. ಸೆಲ್‌ನ ಎರಡು ತುದಿಗೆ ಬರೀ ತಂತಿ ಸೇರಿಸಿದರೆ ಬಿಸಿಯೇರುತ್ತದೆ, ತಕ್ಷಣ ಬಿಡಲು ಹೇಳಿ. ಮೊಬೈಲ್ ಬ್ಯಾಟರಿ ತರಗತಿಯೊಳಗೆ ಬರಬಾರದು. ಮನೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟ್, ಅಲ್ಲಿ ಈ ಆಟ ಆಡಿದರೆ ಜೀವ ಹೋಗುತ್ತದೆ ಎಂದು ಬಿಡಿಸಿ ಹೇಳಿಯೇ ಕಳುಹಿಸಿ.

ಏಕೋಪಾಧ್ಯಾಯ ಶಾಲೆ ನಮ್ಮದು. ನಾಲ್ಕು, ಐದನೇ ತರಗತಿ ಸೇರಿ 11 ಮಕ್ಕಳು. ಇಷ್ಟು ಕಡಿಮೆ ಮಕ್ಕಳಿಗೆ ಜಲಚಕ್ರವನ್ನು ಆಟವಾಗಿ ಕಲಿಸಬಹುದೇ?
— ಶಿಕ್ಷಕಿ, ತೀರ್ಥಹಳ್ಳಿ ತಾಲೂಕು

ಈ ಪಾಠಕ್ಕೆ ನಿಮ್ಮ ತಾಲೂಕಿಗಿಂತ ಒಳ್ಳೆಯ ಜಾಗ ಸಿಗಲಾರದು. ಶರಾವತಿ ಹುಟ್ಟುವುದು ನಿಮ್ಮದೇ ತಾಲೂಕಿನ ಅಂಬುತೀರ್ಥದಲ್ಲಿ. ಅದು ಪಶ್ಚಿಮಕ್ಕೆ ತಿರುಗಿ ಹೊನ್ನಾವರದ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ಪಟ್ಟಣದ ಪಕ್ಕದಲ್ಲೇ ಹರಿಯುವ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಮುಂದೆ ಕೃಷ್ಣೆಯೊಳಗಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಮಳೆ, ಎರಡು ಸಮುದ್ರ.

ಅಂಗಳದಲ್ಲಿ ರಂಗೋಲಿ ಪುಡಿಯಿಂದ ಎಂಟು ಮನೆ ಬರೆಯಿರಿ. ಪ್ರತಿ ಮನೆಯಲ್ಲಿ ಒಂದು ದಾಳ, ಒಂದು ರಟ್ಟು. ರಟ್ಟಿನ ಮೇಲೆ ಹೀಗೆ ಬರೆದಿರಲಿ:

ಎರಡೂ ಸಮುದ್ರ: 1ರಿಂದ 4 ಬಿದ್ದರೆ ಅಲ್ಲೇ ಇರು, 5, 6 ಆವಿಯಾಗಿ ಮೋಡಕ್ಕೆ.
ಮೋಡ: 1, 2 ಅರಬ್ಬೀ ಸಮುದ್ರದ ಮೇಲೇ ಮಳೆ, 3 ಶರಾವತಿ, 4 ತುಂಗಾ, 5, 6 ಕಾಡಿನ ಮಣ್ಣು.
ಮಣ್ಣು: 1, 2 ಗಿಡಮರ, 3 ಅಂತರ್ಜಲ, 4 ಶರಾವತಿ, 5 ತುಂಗಾ, 6 ಮೋಡ.
ಗಿಡಮರ: 1ರಿಂದ 4 ಎಲೆಯಿಂದ ಆವಿಯಾಗಿ ಮೋಡಕ್ಕೆ, 5, 6 ಅಲ್ಲೇ.
ಅಂತರ್ಜಲ: 1ರಿಂದ 4 ಅಲ್ಲೇ, 5 ಒರತೆಯಾಗಿ ತುಂಗೆಗೆ, 6 ಬಾವಿಯ ಮೂಲಕ ತೋಟದ ಗಿಡಕ್ಕೆ.
ಶರಾವತಿ: 1ರಿಂದ 4 ಅರಬ್ಬೀ ಸಮುದ್ರ; 5 ಮೋಡ; 6 ಲಿಂಗನಮಕ್ಕಿ ಜಲಾಶಯದಲ್ಲಿ ನಿಲ್ಲು.
ತುಂಗಾ: 1ರಿಂದ 4 ಬಂಗಾಳ ಕೊಲ್ಲಿ, 5 ಮೋಡ, 6 ಗಾಜನೂರು ಅಣೆಕಟ್ಟೆಯಲ್ಲಿ ನಿಲ್ಲು.

11 ಮಕ್ಕಳಿಗೆ ನಾಲ್ಕು ಜೋಡಿ, ಒಂದು ಮೂವರ ತಂಡ. ಅಂದರೆ ಐದು ಹನಿ. ಪ್ರತಿ ತಂಡದಲ್ಲಿ ಎರಡೂ ತರಗತಿಯವರು ಇರಲಿ. ಒಬ್ಬರು ಹನಿಯಾಗಿ ನಡೆಯುತ್ತಾರೆ, ಇನ್ನೊಬ್ಬರು ದಾಳ ಹಾಕಿ ಪಟ್ಟಿ ಬರೆಯುತ್ತಾರೆ, ಏಳು ಸಲ ಆದ ಮೇಲೆ ಅದಲುಬದಲು. ತಂಡಕ್ಕೆ 15 ಸಲ. ಗೆಲುವು ಒಂದು ತಂಡದ್ದಲ್ಲ: ಐದು ಹನಿ ಸೇರಿ ಎಂಟೂ ಮನೆಗಳನ್ನು ಮುಟ್ಟಬೇಕು. ಯಾವ ಮನೆ ಬಾಕಿ ಎಂದು ಒಬ್ಬರನ್ನೊಬ್ಬರು ಕೇಳುತ್ತಲೇ ಇರುತ್ತಾರೆ. ದಾಳ ಅಂಗಳವೆಲ್ಲ ಉರುಳದಂತೆ ಡಬ್ಬಿ ಮುಚ್ಚಳದೊಳಗೆ ಹಾಕಿಸಿ.

ಒಂದು ಹನಿ ಸಮುದ್ರದಲ್ಲಿ ಸಿಕ್ಕಿಕೊಂಡು ಮಗು ಅಳುಮೋರೆ ಹಾಕುವುದು ಖಂಡಿತ. ಕನಿಕರಪಟ್ಟು ನಿಯಮ ಸಡಿಲಿಸಬೇಡಿ, ಪಾಠ ಇರುವುದೇ ಅಲ್ಲಿ. ಭೂಮಿಯ ನೀರಿನ ಸುಮಾರು ಶೇ. 97 ಸಮುದ್ರದಲ್ಲಿದೆ. ಗಾಳಿಗೇರಿದ ಆವಿ ಸರಾಸರಿ ಒಂಬತ್ತು ಹತ್ತು ದಿನದಲ್ಲಿ ಇಳಿದುಬಿಡುತ್ತದೆ, ಸಮುದ್ರದ ನೀರು ಸಾವಿರಾರು ವರ್ಷ ಅಲ್ಲೇ ಇರುತ್ತದೆ. ಮೋಡದ ರಟ್ಟಿನಲ್ಲಿ 'ಅಲ್ಲೇ ಇರು' ಇಲ್ಲದಿರುವುದು ಅದಕ್ಕೇ. ಪುಸ್ತಕದ ಚಿತ್ರದಲ್ಲಿ ಪ್ರತಿ ಹನಿಯೂ ಅಚ್ಚುಕಟ್ಟಾಗಿ ಸುತ್ತು ಹಾಕುತ್ತದಲ್ಲ, ಆ ಕಲ್ಪನೆಯನ್ನು ಈ ದಾಳ ಒಡೆಯುತ್ತದೆ. ಕೊನೆಗೆ ಐದನೆಯವರು 75 ದಾಖಲೆಗಳ ಕಂಬ ನಕ್ಷೆ ಬರೆಯಲಿ, ನಾಲ್ಕನೆಯವರು ತಮ್ಮ ಹನಿಯ ಕತೆ ಹೇಳಲಿ. ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳ ಚಟುವಟಿಕೆ ಕ್ರಮವಾದ ನಲಿ-ಕಲಿಯಲ್ಲಿ ಸಹಪಾಠಿಗಳ ಬೆಂಬಲದ 'ತಟ್ಟೆ'ಯಲ್ಲಿ, ಅಂದರೆ ಗುಂಪಿನಲ್ಲಿ, ಕೂತು ಬೆಳೆದ ಮಕ್ಕಳಿಗೆ ಈ ಹೊಂದಾಣಿಕೆ ಹೊಸದೇನಲ್ಲ.

ಪಕ್ಕದ ಕೊಠಡಿಯವರು ಗದ್ದಲವೆಂದು ದೂರುತ್ತಾರೆ.
— ಶಿಕ್ಷಕಿ, ತುಮಕೂರು

ನಾಲ್ವರು ಡೆಸ್ಕಿನ ಎರಡು ಕಡೆ ಎದುರುಬದುರು ಕೂತರೆ ದನಿ ತಾನೇ ತಗ್ಗುತ್ತದೆ; ಸಾಲಾಗಿ ಕೂತರೆ ಕೊನೆಯವನಿಗೆ ಕೇಳಲೆಂದು ಕೂಗಲೇಬೇಕು. ನೀವು ಕೈ ಎತ್ತಿದಾಗ ನೋಡಿದವರೂ ಕೈ ಎತ್ತಿ ಸುಮ್ಮನಾಗುವ ಅಭ್ಯಾಸ ಮಾಡಿಸಿ. ಓಡಾಟದ ಆಟಗಳನ್ನು ಕೊನೆಯ ಅವಧಿಗೆ ಇಟ್ಟು ಅಂಗಳಕ್ಕೆ ಒಯ್ಯಿರಿ.

ಮಿಶ್ರಣ ಬೇರ್ಪಡಿಸುವ ಪಾಠಕ್ಕೆ ಏನಾದರೂ ಆಟ?
— ಶಿಕ್ಷಕ, ರಾಯಚೂರು ಜಿಲ್ಲೆ

ಒಂದು ಬಟ್ಟಲಿನಲ್ಲಿ ಮರಳು 2 ಚಮಚ, ಉಪ್ಪು 1, ಕಬ್ಬಿಣದ ಪುಡಿ ಅರ್ಧ, ಮರದ ಹೊಟ್ಟು 1 ಚಮಚ ಬೆರೆಸಿ. ನಾಲ್ವರಲ್ಲಿ ಒಬ್ಬರ ಬಳಿ ಆಯಸ್ಕಾಂತ, ಒಬ್ಬರ ಬಳಿ 50 ಮಿ.ಲೀ. ನೀರು, ಒಬ್ಬರ ಬಳಿ ಸೋಸುವ ಬಟ್ಟೆ, ಒಬ್ಬರ ಬಳಿ ಸ್ಟೀಲ್ ತಟ್ಟೆ. ಹೊಟ್ಟನ್ನು ಚಮಚದಿಂದ ಎತ್ತುವ ಕೆಲಸವೂ ನೀರಿನವರದೇ. ಪ್ರತಿಯೊಬ್ಬರಿಗೂ ಒಂದೇ ಸರದಿ. ಯಾರ ಸರದಿ ಯಾವಾಗ ಎಂಬುದನ್ನು ಏನನ್ನೂ ಮುಟ್ಟುವ ಮೊದಲು 5 ನಿಮಿಷ ಚರ್ಚಿಸಿ ಬರೆದುಕೊಡಬೇಕು.

ಅವಸರದ ಗುಂಪು ಮೊದಲೇ ನೀರು ಸುರಿಯುತ್ತದೆ. ಆಗ ಕಬ್ಬಿಣದ ಪುಡಿ ಒದ್ದೆ ಮರಳಿಗೆ ಅಂಟಿ ಆಯಸ್ಕಾಂತಕ್ಕೆ ಮರಳೂ ಜೊತೆಯಲ್ಲೇ ಬರುತ್ತದೆ. ತಡೆಯಬೇಡಿ, ಆ ತಟ್ಟೆಯನ್ನು ಪಕ್ಕದ ಗುಂಪಿನದರ ಜೊತೆ ಇಟ್ಟು ಹೋಲಿಸಿ. ಆಯಸ್ಕಾಂತವನ್ನು ತೆಳು ಪ್ಲಾಸ್ಟಿಕ್ ಚೀಲದೊಳಗಿಟ್ಟೇ ಕೊಡಿ. ಚೀಲವನ್ನು ಒಳಹೊರಗು ಮಾಡಿದರೆ ಪುಡಿಯೆಲ್ಲ ಅದರಲ್ಲೇ ಉಳಿಯುತ್ತದೆ. ಬರಿ ಆಯಸ್ಕಾಂತಕ್ಕೆ ಹತ್ತಿದರೆ ಬಿಡಿಸುವುದರಲ್ಲೇ ಅವಧಿ ಮುಗಿಯುತ್ತದೆ. ಹೊಟ್ಟು ನೀರಿನ ಮೇಲೆ ತೇಲುತ್ತದೆ, ಆದರೆ ನೆನೆದಂತೆಲ್ಲ ಮುಳುಗತೊಡಗುತ್ತದೆ. ನೀರು ಸುರಿದು ಒಮ್ಮೆ ಕಲಕಿದ ಕೂಡಲೇ ಮೇಲಿಂದ ಎತ್ತಬೇಕು. ಸೋಸಿದ ನೀರನ್ನು ಅಗಲ ತಟ್ಟೆಯಲ್ಲಿ ಬಿಸಿಲಿಗಿಟ್ಟರೆ ಉಪ್ಪು ಉಳಿಯುತ್ತದೆ. ನಿಮ್ಮ ಕಡೆಯ ಬಿಸಿಲಿಗೆ ಹೇಳುವುದೇ ಬೇಡ, ಮಳೆಗಾಲದಲ್ಲಿ ಮಾತ್ರ ಈ ಪಾಠ ಮುಂದೂಡಿ. ಉಪ್ಪೆಂದು ರುಚಿ ನೋಡಲು ಬಿಡಬೇಡಿ.

ಮಗಳು ಐದನೇ ತರಗತಿ. ಇಂಥ ಆಟಗಳಿಂದ ಅವಳು ಹಿಂದುಳಿದವರನ್ನು ಎಳೆದುಕೊಂಡು ಹೋಗುವುದೇ ಆಯಿತು. ಅಂಕ ಹೇಗೆ ಕೊಡುತ್ತಾರೆ?
— ಪೋಷಕರು, ಬೆಂಗಳೂರು

ಗುಂಪಿಗೆಲ್ಲ ಒಂದೇ ಅಂಕ ಕೊಡುತ್ತಿದ್ದರೆ ನಿಮ್ಮ ದೂರು ನ್ಯಾಯವೇ. ಆಡುವುದು ಗುಂಪಾಗಿ, ಪರೀಕ್ಷೆ ಒಬ್ಬೊಬ್ಬರಾಗಿ ಎಂಬ ಪದ್ಧತಿ ಇರಬೇಕು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಸ್ಲಾವಿನ್ ಜನಪ್ರಿಯಗೊಳಿಸಿದ ಕ್ರಮ ಇದು: ತಂಡಕ್ಕೆ ಸೇರುವುದು ಮಗುವಿನ ಅಂಕವಲ್ಲ, ತನ್ನದೇ ಹಿಂದಿನ ಅಂಕಕ್ಕಿಂತ ಎಷ್ಟು ಏರಿತು ಎಂಬುದು. ನಮ್ಮ ತರಗತಿಗೆ ಸರಳವಾಗಿ ಹೀಗೆ ಮಾಡಬಹುದು. 10 ಅಂಕದ ಕಿರುಪರೀಕ್ಷೆಯಲ್ಲಿ ಹಿಂದಿನದಕ್ಕಿಂತ ಹೆಚ್ಚು ಬಂದರೆ ತಂಡಕ್ಕೆ 3, ಅಷ್ಟೇ ಬಂದರೆ 2, ಕಡಿಮೆಯಾದರೆ 1. ಪೂರ್ತಿ 10 ಬಂದವರಿಗೆ ಯಾವಾಗಲೂ 3, ಇಲ್ಲವಾದರೆ ಮೇಲಿದ್ದವರಿಗೆ ಅನ್ಯಾಯ. 4ರಿಂದ 6ಕ್ಕೆ ಏರಿದ ಹುಡುಗ ಆಗ ತಂಡಕ್ಕೆ ಹೊರೆಯಾಗುವುದಿಲ್ಲ. ನಿಮ್ಮ ಮಗಳ ಪ್ರಗತಿ ಪತ್ರದಲ್ಲಿ ಅವಳ ಸ್ವಂತ ಅಂಕವೇ ಇರಬೇಕು; ತಂಡದ ಅಂಕ ಗೋಡೆಯ ಪಟ್ಟಿಗೆ ಮಾತ್ರ. ಶಾಲೆಯಲ್ಲಿ ಹಾಗಿದೆಯೇ ಎಂದು ಕೇಳಿ ನೋಡಿ. ಒಂದು ಪಾಠಕ್ಕೆ ಒಂದು ಆಟ ಸಾಕು. ಅದಕ್ಕಿಂತ ಹೆಚ್ಚು ಆಡಿಸುತ್ತಿದ್ದರೆ ಬರವಣಿಗೆಗೆ ಎಷ್ಟು ಅವಧಿ ಉಳಿಯುತ್ತಿದೆ ಎಂಬುದನ್ನೂ ಕೇಳಬಹುದು.